ಬರೆಯುವವರ ಪುಟ್ಟ ಪುಟ್ಟ ಇಷ್ಟಗಳು: ನಿಮ್ಮದು ಯಾವುದು?

ಸೀಸದಕಡ್ಡಿ

ಎಲ್ಲರಿಗೂ ನಮಸ್ಕಾರ.

ಕಥೆಯ ಮೊದಲ ಸಾಲು ಹೇಗಿರಬೇಕು, ಪಾತ್ರಗಳ ಬಾಯಲ್ಲಿ ಎಂಥ ಮಾತು ಬರಬೇಕು ಅಂತ ನಾವು ಬೇಕಾದಷ್ಟು ಮಾತಾಡಿದ್ದೇವೆ. ಇವತ್ತು ಅದನ್ನೆಲ್ಲ ಬದಿಗಿಟ್ಟು ಒಂದು ಸಣ್ಣ ವಿಷಯ ಕೇಳೋಣ ಅನ್ನಿಸಿತು. ಬರೆಯುವ ದಿನಗಳಲ್ಲಿ ನಿಮಗೆ ಖುಷಿ ಕೊಡುವ ಪುಟ್ಟ ಸಂಗತಿ ಯಾವುದು? ಪುಸ್ತಕ ಅಚ್ಚಾಗಿ ಕೈಗೆ ಬಂದದ್ದು, ಓದಿದವರು ಮೆಚ್ಚಿ ಬರೆದದ್ದು, ಅದೆಲ್ಲ ಅಪರೂಪಕ್ಕೆ ಸಿಗುವಂಥದ್ದು. ದಿನಾ ಸಿಗುವುದು ಯಾವುದು, ಅದನ್ನು ಹೇಳಿ.

ನನ್ನದು ಪೆನ್ಸಿಲ್ ಹೆರೆಯುವುದು.

ಬೆಳಿಗ್ಗೆ ಕೂತ ಕೂಡಲೇ ಮೂರು ಪೆನ್ಸಿಲ್ ಹೆರೆದು ಇಟ್ಟುಕೊಳ್ಳುತ್ತೇನೆ. ಮೂರೇ. ಮೆಂಡರ್ ತಿರುಗಿಸುವಾಗ ಮೊದಲು ಸ್ವಲ್ಪ ಬಿಗಿ ಅನ್ನಿಸುತ್ತದೆ. ಆಮೇಲೆ ಮರದ ಸಿಪ್ಪೆ ನೆರಿಗೆ ನೆರಿಗೆಯಾಗಿ ಬಿಚ್ಚಿಕೊಂಡು ಬರುತ್ತದೆ. ಅದರ ಅಂಚಿಗೆ ಪೆನ್ಸಿಲ್ಲಿನ ಬಣ್ಣದ ಕೂದಲೆಳೆಯಂಥ ಗೆರೆ. ಸೀಡರ್ ಮರದ ಪೆನ್ಸಿಲ್ ಆದರೆ ಇನ್ನೂ ಚೆಂದ, ಮೇಜಿನ ಸುತ್ತ ಆ ಮರದ ವಾಸನೆ ಹರಡುತ್ತದೆ. ಸಿಪ್ಪೆ ತುಂಡಾಗದೆ ಎಷ್ಟು ಉದ್ದ ಬರುತ್ತದೆ ಅಂತ ನೋಡುವ ಅಭ್ಯಾಸ ಚಿಕ್ಕಂದಿನಿಂದ ಬಂದದ್ದು, ಇನ್ನೂ ಹೋಗಿಲ್ಲ.

ಸೀಸದಕಡ್ಡಿ ಅನ್ನುತ್ತೇವಲ್ಲ, ಅದರಲ್ಲಿ ಸೀಸ ಇಲ್ಲವೇ ಇಲ್ಲ. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್ ಎಂಬಲ್ಲಿ ಗ್ರಾಫೈಟ್ ಎಂಬ ಕಪ್ಪು ಖನಿಜ ಸಿಕ್ಕಿದಾಗ ಜನ ಅದನ್ನು ಸೀಸದ ಒಂದು ಬಗೆ ಅಂದುಕೊಂಡರು. ಹೆಸರು ಹಾಗೇ ಉಳಿದು ನಮ್ಮ ಮಾತಿಗೂ ಬಂತು. ಮುಂದೆ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಹತ್ತಿಕೊಂಡು ಗ್ರಾಫೈಟ್ ಬರುವುದು ನಿಂತಿತು. ಆಗ, 1795ರಲ್ಲಿ, ಫ್ರಾನ್ಸಿನ ನಿಕೊಲಾ-ಜಾಕ್ ಕೊಂಟೆ ಗ್ರಾಫೈಟ್ ಪುಡಿಗೆ ಜೇಡಿಮಣ್ಣು ಕಲಸಿ, ಕಡ್ಡಿ ಮಾಡಿ, ಭಟ್ಟಿಯಲ್ಲಿ ಸುಡುವ ದಾರಿ ಕಂಡುಕೊಂಡ. ಮಣ್ಣು ಜಾಸ್ತಿ ಆದರೆ ಕಡ್ಡಿ ಗಟ್ಟಿ, ಗೆರೆ ತೆಳು. ಗ್ರಾಫೈಟ್ ಜಾಸ್ತಿ ಆದರೆ ಕಡ್ಡಿ ಮೆತ್ತಗೆ, ಗೆರೆ ಕಪ್ಪು. ಎಚ್ (ಗಟ್ಟಿ), ಬಿ (ಕಪ್ಪು) ಅಂತ ಪೆನ್ಸಿಲ್ ಮೇಲೆ ಬರೆದಿರುವುದು ಇದೇ ಲೆಕ್ಕವನ್ನು. ನಾನು 2ಬಿ ಹಿಡಿಯುತ್ತೇನೆ. ಒತ್ತುವ ಅಗತ್ಯವೇ ಇಲ್ಲ, ಅಕ್ಷರ ತಾನಾಗಿ ಇಳಿಯುತ್ತದೆ. ಸುಟ್ಟ ಮಣ್ಣಿನಲ್ಲಿ ಬರೆಯುತ್ತಿದ್ದೇನೆ ಅಂತ ನೆನಪಾದಾಗಲೆಲ್ಲ ಒಳಗೊಳಗೇ ಖುಷಿಯಾಗುತ್ತದೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಡುವೆ ಎರಡು ವರ್ಷ ನಾನು ಒಂದು ಸಾಲೂ ಬರೆದಿರಲಿಲ್ಲ. ಮನೆಯಲ್ಲಿ ಒಬ್ಬರಿಗೆ ಕಾಯಿಲೆ, ಆಮೇಲೆ ಅವರು ಇಲ್ಲದ ಮನೆ. ಬರೆಯಬೇಕು ಅಂತ ಎಷ್ಟೋ ಸಲ ಗಟ್ಟಿ ಮನಸ್ಸು ಮಾಡಿ ಕೂತೆ. ಆಗಲಿಲ್ಲ. ಒಂದು ಮಧ್ಯಾಹ್ನ ಡ್ರಾಯರ್ ಚೊಕ್ಕಟ ಮಾಡುವಾಗ ಮೊನೆ ಮುರಿದ ಪೆನ್ಸಿಲ್ ಸಿಕ್ಕಿತು. ಸುಮ್ನೆ ಹೆರೆದೆ. ಮೊನೆ ಸರಿಯಾಯಿತಾ ನೋಡೋಣ ಅಂತ ಒಂದು ಹಳೆಯ ಲಕೋಟೆಯ ಹಿಂದೆ ಗೆರೆ ಎಳೆದೆ. ಗೆರೆ ಪದವಾಯಿತು, ಪದ ಸಾಲಾಯಿತು. ಸಂಜೆಯ ಹೊತ್ತಿಗೆ ಲಕೋಟೆ ತುಂಬಿತ್ತು.

ಹಟ ಹಿಡಿದಾಗ ತೆರೆಯದ ಬಾಗಿಲು ಮರದ ವಾಸನೆಗೆ ತೆರೆಯಿತು. ಅದಕ್ಕೇ ಈ ಪುಟ್ಟ ಇಷ್ಟಗಳನ್ನು ನಾನು ಹಗುರವಾಗಿ ನೋಡುವುದಿಲ್ಲ. ಈಗ ನಿಮ್ಮದು ಹೇಳಿ.

ನೀಲಿಮಸಿ

ಲಕೋಟೆಯ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಹಂಚಿಕೊಂಡದ್ದಕ್ಕೆ ಥ್ಯಾಂಕ್ಸ್.

ನನ್ನದು ಇಂಕ್ ಪೆನ್ನು. ವಾರಕ್ಕೊಮ್ಮೆ ಅದನ್ನು ತೊಳೆದು ಇಂಕು ತುಂಬಿಸುವ ಕೆಲಸವೇ ನನಗೆ ಹಬ್ಬ. ನಿಬ್ಬನ್ನು ನೀರಿನಲ್ಲಿ ಅದ್ದಿದಾಗ ಹಳೆಯ ಮಸಿ ಹೊಗೆಯ ಹಾಗೆ ಸುರುಳಿ ಸುರುಳಿಯಾಗಿ ಕೆಳಗಿಳಿಯುತ್ತದೆ. ಅದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಇಂಕ್ ಪೆನ್ನು ಕೆಲಸ ಮಾಡುವ ಬಗೆಯೂ ನನಗೆ ತುಂಬಾ ಇಷ್ಟ. ನಿಬ್ಬಿನ ನಡುವೆ ಸೀಳು ಇದೆಯಲ್ಲ, ಬತ್ತಿ ಎಣ್ಣೆ ಹೀರುವ ಹಾಗೆ ಆ ಸೀಳು ಮಸಿಯನ್ನು ತುದಿಗೆ ಎಳೆದುಕೊಂಡು ಬರುತ್ತದೆ. ಹಾಳೆ ಮುಟ್ಟಿದರೆ ಸಾಕು, ಹಾಳೆಯೇ ಅದನ್ನು ಹೀರಿಕೊಳ್ಳುತ್ತದೆ. ಮಸಿ ಎಷ್ಟು ಇಳಿಯಿತೋ ಅಷ್ಟು ಗಾಳಿ ಮೇಲೆ ಹೋಗಬೇಕು, ಇಲ್ಲದಿದ್ದರೆ ಪೆನ್ನು ನಿಂತೇಹೋಗುತ್ತದೆ. ಈ ಲೆಕ್ಕ ಸರಿಹೋಗದೆ ಹಿಂದಿನ ಪೆನ್ನುಗಳು ಒಂದೋ ಕಕ್ಕುತ್ತಿದ್ದವು, ಇಲ್ಲ ಒಣಗುತ್ತಿದ್ದವು. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇದನ್ನು ಸರಿಪಡಿಸಿದ ಪೆನ್ನಿಗೆ.

ಮಸಿಗಳಲ್ಲಿ ಒಂದು ಹಳೆಯ ಜಾತಿ ಇದೆ. ಓಕ್ ಮರದ ಮೇಲೆ ಹುಳ ಕೂತ ಕಡೆ ಗಂಟು ಬೆಳೆಯುತ್ತದೆ. ಆ ಗಂಟಿನ ಒಗರನ್ನು ಕಬ್ಬಿಣದ ಉಪ್ಪಿಗೆ ಸೇರಿಸಿ ಮಾಡುವ ಮಸಿ ಅದು. ಯುರೋಪಿನಲ್ಲಿ ಶತಮಾನಗಳ ಕಾಲ ಅದರಲ್ಲೇ ಬರೆದರು. ಬರೆದಾಗ ಅಕ್ಷರ ಮಂಕಾಗಿರುತ್ತದೆ. ಗಾಳಿ ತಾಗುತ್ತಾ ತಾಗುತ್ತಾ ಕಪ್ಪಾಗುತ್ತದೆ. ಇವತ್ತು ಆ ಬಗೆಯ ಮಸಿ ಪೆನ್ನಿಗೆ ಒಗ್ಗುವಷ್ಟು ಮೃದುವಾಗಿ ಸಿಗುತ್ತದೆ. ನಾನು ಒಂದು ಬಾಟಲಿ ಇಟ್ಟುಕೊಂಡಿದ್ದೇನೆ. ರಾತ್ರಿ ಬರೆದದ್ದು ಬೆಳಿಗ್ಗೆ ನೋಡಿದರೆ ಒಂದು ಬಣ್ಣ ಗಾಢವಾಗಿರುತ್ತದೆ. ನಾನು ಮಲಗಿದ್ದಾಗಲೂ ಬರಹ ತನ್ನ ಪಾಡಿಗೆ ಮಾಗುತ್ತಿತ್ತು ಅನ್ನಿಸುತ್ತದೆ.

ಎಡಗೈ

ನೀಲಿಮಸಿ ಅವರೇ, ಓದಿ ಆಸೆಯಾಯಿತು. ಆದರೆ ನಾನು ಎಡಚ. ಎಡದಿಂದ ಬಲಕ್ಕೆ ಬರೆಯುವಾಗ ನನ್ನ ಅಂಗೈ ಆಗ ತಾನೇ ಬರೆದ ಸಾಲಿನ ಮೇಲೇ ಹಾದುಹೋಗುತ್ತದೆ. ಶಾಲೆಯಲ್ಲಿ ನನ್ನ ನೋಟ್‌ಬುಕ್ಕಿನ ಪ್ರತಿ ಪುಟದಲ್ಲೂ ನೀಲಿ ಮೋಡ. ಅದಕ್ಕಾಗಿ ಬೈಸಿಕೊಂಡದ್ದು ಇನ್ನೂ ನೆನಪಿದೆ. ಪ್ರಪಂಚದಲ್ಲಿ ಹತ್ತರಲ್ಲಿ ಒಬ್ಬರು ಎಡಚರು ಅಂತ ಆಗ ಯಾರಾದರೂ ಹೇಳಿದ್ದರೆ ಎಷ್ಟು ಸಮಾಧಾನ ಆಗುತ್ತಿತ್ತೋ.

ನನ್ನನ್ನು ಕಾಪಾಡಿದ್ದು ಬಾಲ್ ಪೆನ್ನು. ಹಂಗೇರಿಯ ಲಾಸ್ಲೋ ಬಿರೊ 1938ರಲ್ಲಿ ಪೇಟೆಂಟ್ ಪಡೆದ ಆ ಪೆನ್ನಿನಲ್ಲಿ ಇಂಕು ನೀರಿನಂತಿರದೆ ಅಂಟಂಟಾಗಿ ಮಂದವಾಗಿರುತ್ತದೆ. ಬೇಗ ಒಣಗುತ್ತದೆ. ತುದಿಯ ಪುಟ್ಟ ಗುಂಡು ಉರುಳುತ್ತಾ ಒಳಗಿನ ಇಂಕನ್ನು ಹೊರಗೆ ಬಳಿಯುತ್ತದೆ, ಅಷ್ಟೇ. ಮೊದಲ ಸಲ ಒಂದು ಪುಟ ಬರೆದು ಕೈ ಎತ್ತಿ ನೋಡಿದರೆ ಅಂಗೈ ಚೊಕ್ಕಟ. ಆ ಖುಷಿ ನನಗೆ ಇವತ್ತಿಗೂ ಹಳತಾಗಿಲ್ಲ.

ಇನ್ನೊಂದಿದೆ. ಪೆನ್ಸಿಲ್ಲಿನಲ್ಲಿ ಬಹಳ ಹೊತ್ತು ಬರೆದರೆ ಕಿರುಬೆರಳಿನ ಪಕ್ಕದ ಅಂಚೆಲ್ಲ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದನ್ನು ತೊಳೆಯಲು ನನಗೆ ಮನಸ್ಸು ಬರುವುದಿಲ್ಲ. ಇವತ್ತು ಕೆಲಸ ಆಗಿದೆ ಅಂತ ಕೈಯೇ ಹೇಳುತ್ತಿರುತ್ತದೆ.

ನೇರಮಾತು

ಎಲ್ಲರ ಖುಷಿಗೂ ನನ್ನ ಗೌರವ ಇದೆ. ಆದರೆ ನನ್ನ ಅನುಭವ ಬೇರೆ, ಹೇಳದಿದ್ದರೆ ತಪ್ಪಾಗುತ್ತದೆ.

ನನ್ನ ಕಪಾಟಿನಲ್ಲಿ ಹನ್ನೊಂದು ಖಾಲಿ ನೋಟ್‌ಬುಕ್ಕುಗಳಿವೆ. ಕೆಲವಕ್ಕೆ ಬಟ್ಟೆಯ ರಟ್ಟು, ಕೆಲವಕ್ಕೆ ಹೊಲಿದ ಬೆನ್ನು. ಒಂದೊಂದನ್ನೂ ತಂದಾಗ ಈ ಸಲ ಬರೆದೇ ಬರೆಯುತ್ತೇನೆ ಅಂದುಕೊಂಡಿದ್ದೆ. ಹಾಳೆ ಸವರಿದೆ, ಮೂಸಿದೆ, ಮೊದಲ ಪುಟ ತೆರೆದೆ. ಅಷ್ಟು ಚೆಂದದ ಹಾಳೆಯ ಮೇಲೆ ಕೆಟ್ಟ ಸಾಲು ಬೀಳಬಾರದು ಅಂತ ಮುಚ್ಚಿಟ್ಟೆ. ಮೂರು ವರ್ಷ ಹೀಗೇ ಕಳೆದವು. ಬರೆಯುವ ಸಾಮಾನಿನ ಖುಷಿಯನ್ನು ಬರೆಯುವ ಖುಷಿ ಅಂತ ತಿಳಿದುಕೊಂಡು ನನಗೆ ನಾನೇ ಮೋಸ ಮಾಡಿಕೊಂಡೆ. ಆ ಕಪಾಟು ಕಂಡಾಗ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಈಗ ಬರೆಯುವುದು ಫೋನಿನಲ್ಲಿ, ಬರೇ ಬಿಳಿ ಪರದೆ. ನನಗಿರುವ ಒಂದೇ ಸಣ್ಣ ಸುಖ ಅಂದರೆ ಅಳಿಸುವುದು. ಬಹಳ ಕಷ್ಟಪಟ್ಟು ಬರೆದ ಸಾಲು ಬೇಡ ಅಂತ ಗೊತ್ತಾಗುವ ಒಂದು ಗಳಿಗೆ ಬರುತ್ತದೆ. ಅದನ್ನು ತೆಗೆದ ಕೂಡಲೇ ಮೇಲಿನ ಸಾಲೂ ಕೆಳಗಿನ ಸಾಲೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೊದಲಿನಿಂದಲೂ ಹಾಗೇ ಇದ್ದವು ಅನ್ನುವ ಹಾಗೆ.

ಸೀಸದಕಡ್ಡಿ

ನೇರಮಾತು ಅವರೇ, ನೀವು ಹೇಳಿದ್ದು ಒಳ್ಳೆಯದೇ ಆಯಿತು. ನಿಮ್ಮ ಮಾತು ನಿಜ. ಮೇಜಿನ ಹತ್ತಿರ ಕರೆದುಕೊಂಡು ಬರುವ ಇಷ್ಟ ಬೇರೆ, ಮೇಜಿನ ಜಾಗವನ್ನೇ ನುಂಗುವ ಇಷ್ಟ ಬೇರೆ. ನಾನು ಮೂರೇ ಪೆನ್ಸಿಲ್ ಅಂತ ಲೆಕ್ಕ ಇಟ್ಟುಕೊಂಡದ್ದೂ ಅದಕ್ಕೇ. ನಾಲ್ಕನೆಯದನ್ನು ಹೆರೆಯಲು ಕೈ ಹೋದರೆ ಬರೆಯಲು ಹೆದರುತ್ತಿದ್ದೇನೆ ಅಂತ ಅರ್ಥ.

ಅಳಿಸುವ ಸುಖದ ಬಗ್ಗೆ ನನ್ನದೂ ಒಂದು ಮಾತು. ರಬ್ಬರ್ ಬರುವ ಮೊದಲು ಜನ ಪೆನ್ಸಿಲ್ ಗೆರೆ ಅಳಿಸುತ್ತಿದ್ದದ್ದು ಬ್ರೆಡ್ಡಿನ ಚೂರಿನಿಂದ. ರಬ್ಬರಿನಿಂದ ಗೆರೆ ಅಳಿಸುತ್ತದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಬರೆದಿಟ್ಟದ್ದು 1770ರಲ್ಲಿ. ತಪ್ಪು ಒರೆಸುವ ಆಸೆ ಎಷ್ಟು ಹಳೆಯದು ನೋಡಿ.

ಕಿಟಕಿಪಕ್ಕ

ನನ್ನದು ಸಾಮಾನಿಗೆ ಸಂಬಂಧಪಟ್ಟದ್ದಲ್ಲ. ಒಣ ನೆಲಕ್ಕೆ ಮಳೆ ಬಿದ್ದಾಗ ಬರುವ ವಾಸನೆ. ಅದು ಬಂದ ಕೂಡಲೇ ಯಾವ ಕೆಲಸ ಇದ್ದರೂ ಬಿಟ್ಟು ಕಿಟಕಿ ತೆಗೆಯುತ್ತೇನೆ. ಆಮೇಲೆ ಬರೆಯುವ ಒಂದು ಗಂಟೆ ನನ್ನ ದಿನದ ಅತಿ ಒಳ್ಳೆಯ ಗಂಟೆ.

ಆ ವಾಸನೆಗೆ 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಪೆಟ್ರಿಕೋರ್ ಅಂತ ಹೆಸರಿಟ್ಟರು. ಒಣಗಿದ ದಿನಗಳಲ್ಲಿ ಗಿಡಗಳ ಎಣ್ಣೆಯಂಶ ಕಲ್ಲಿಗೂ ಮಣ್ಣಿಗೂ ಅಂಟಿಕೊಂಡಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವುದೂ ಅಲ್ಲಿರುತ್ತದೆ. ಹನಿ ಬಿದ್ದಾಗ ಎರಡೂ ಗಾಳಿಗೆ ಏಳುತ್ತವೆ. ಹೇಗೆ ಏಳುತ್ತವೆ ಅಂತ 2015ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ತುಂಬಾ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಹನಿಯೊಳಗೆ ಸಣ್ಣ ಸಣ್ಣ ಗುಳ್ಳೆಗಳು ಮೇಲೆದ್ದು ಒಡೆಯುತ್ತವೆ, ಸೋಡಾದ ಲೋಟದಲ್ಲಿ ಆಗುವ ಹಾಗೆ. ಜಿಯೋಸ್ಮಿನ್ ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗಿಗೆ ಗೊತ್ತಾಗುತ್ತದಂತೆ.

ಜೋರು ಮಳೆಗಿಂತ ಮೊದಲ ನಾಲ್ಕು ಹನಿಗೇ ಈ ವಾಸನೆ ಚೆನ್ನಾಗಿ ಬರುತ್ತದೆ. ಅದಕ್ಕೇ ಕಾಯುತ್ತಾ ಇರಬೇಕು. ಹಾಗೆ ಕಾಯುವುದೂ ನನಗೆ ಇಷ್ಟ.

ಹಾಳೆಲೆಕ್ಕ

ನಾನು ಸ್ವಲ್ಪ ಲೆಕ್ಕದ ಮನುಷ್ಯ. ನನ್ನ ಖುಷಿಯೂ ಹಾಗೇ ಇದೆ.

ನಾವು ಪ್ರಿಂಟ್ ತೆಗೆಯುವ ಎ4 ಹಾಳೆ ಇದೆಯಲ್ಲ, 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ), ಅದರ ತೂಕ ಸರಿಯಾಗಿ 5 ಗ್ರಾಂ. ಎ0 ಅನ್ನುವ ದೊಡ್ಡ ಹಾಳೆ ಅಂದರೆ ಒಂದು ಚದರ ಮೀಟರ್. ಅದನ್ನು ನಾಲ್ಕು ಸಲ ಅರ್ಧ ಮಾಡಿದರೆ ಹದಿನಾರು ಎ4. ಎಂಬತ್ತನ್ನು ಹದಿನಾರರಿಂದ ಭಾಗಿಸಿದರೆ ಐದು. ಅಂದರೆ ಇನ್ನೂರು ಹಾಳೆಯ ಕರಡು ಒಂದು ಕಿಲೋ ಆಯಿತು. ನಾನು ಕಾದಂಬರಿ ಬರೆಯುತ್ತಿರುವಾಗ ತಿಂಗಳ ಕೊನೆಗೆ ಕರಡನ್ನೆಲ್ಲ ಅಡುಗೆಮನೆಯ ತಕ್ಕಡಿಯ ಮೇಲೆ ಇಡುತ್ತೇನೆ. ಹೋದ ತಿಂಗಳು 640 ಗ್ರಾಂ ಇತ್ತು. ಈ ತಿಂಗಳು 715. ಎಷ್ಟು ಪದ ಆಯಿತು ಅಂತ ಕಂಪ್ಯೂಟರ್ ತೋರಿಸಿದರೆ ನನಗೆ ಏನೂ ಅನ್ನಿಸುವುದಿಲ್ಲ. ತಕ್ಕಡಿ ತೋರಿಸಿದರೆ ಎದೆ ತುಂಬುತ್ತದೆ.

ಆ ಹಾಳೆಯ ಆಕಾರದಲ್ಲೂ ಒಂದು ಚೆಂದ ಇದೆ. ಅರ್ಧಕ್ಕೆ ಮಡಚಿದರೂ ಉದ್ದ ಅಗಲದ ಹೊಂದಿಕೆ ಅದೇ ಇರುತ್ತದೆ. ಮತ್ತೆ ಮಡಚಿ, ಮತ್ತೂ ಅದೇ. ಈ ಗುಣದ ಬಗ್ಗೆ ಜರ್ಮನಿಯ ವಿಜ್ಞಾನಿ ಲಿಚ್ಟನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದ. ಅದು ಅಲ್ಲಿನ ಅಳತೆಯ ನಿಯಮವಾದದ್ದು 1922ರಲ್ಲಿ. ಸಾಲು ಹೊಳೆಯದಿದ್ದಾಗ ನಾನು ಒಂದು ಹಾಳೆಯನ್ನು ಮಡಚುತ್ತಾ ಕೂರುತ್ತೇನೆ. ಏಳನೆಯ ಮಡಿಕೆಯ ಹೊತ್ತಿಗೆ ಕೈಗೆ ಸಾಕಾಗುತ್ತದೆ. ಅಷ್ಟರಲ್ಲಿ ಸಾಲು ಬಂದಿರುತ್ತದೆ, ಎಷ್ಟೋ ಸಲ.

ಐದುಕಲ್ಲು

ನನಗೆ ನಡಿಗೆ. ದೂರ ಹೋಗುವುದಲ್ಲ, ಒಂದೇ ದಾರಿಯಲ್ಲಿ ಸುತ್ತು ಹಾಕುವುದು.

ಚಾರ್ಲ್ಸ್ ಡಾರ್ವಿನ್ ತಮ್ಮ ಮನೆಯ ಹಿಂದೆ ಒಂದು ಮರಳಿನ ದಾರಿ ಮಾಡಿಸಿಕೊಂಡಿದ್ದರು. ಇಂಗ್ಲೆಂಡಿನ ಡೌನ್ ಹೌಸ್ ಎಂಬ ಆ ಮನೆಯಲ್ಲಿ ಅದು ಈಗಲೂ ಇದೆ. ದಿನಾ ಅದರಲ್ಲಿ ಸುತ್ತುತ್ತಾ ಯೋಚನೆ ಮಾಡುತ್ತಿದ್ದರು. ಎಷ್ಟು ಸುತ್ತು ಆಯಿತು ಅಂತ ತಲೆಯಲ್ಲಿ ಇಟ್ಟುಕೊಳ್ಳುವ ತೊಂದರೆ ಬೇಡ ಅಂತ ದಾರಿಯಲ್ಲಿ ಕಲ್ಲುಗಳನ್ನು ಗುಡ್ಡೆ ಹಾಕಿ, ಒಂದು ಸುತ್ತಿಗೆ ಒಂದು ಕಲ್ಲನ್ನು ಒದ್ದು ಪಕ್ಕಕ್ಕೆ ಸರಿಸುತ್ತಿದ್ದರು. ಇದನ್ನು ಓದಿದ ಮಾರನೆಯ ದಿನವೇ ನಾನು ಐದು ಕಲ್ಲು ಆರಿಸಿ ತಂದೆ. ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ. ಒಂದು ಸುತ್ತಾದರೆ ಬಲ ಜೇಬಿನಿಂದ ಎಡ ಜೇಬಿಗೆ ಒಂದು ಕಲ್ಲು.

ಮೂರನೆಯ ಕಲ್ಲಿನ ತನಕ ಮನೆಯ ಯೋಚನೆ, ಕೆಲಸದ ಯೋಚನೆ. ನಾಲ್ಕನೆಯದಕ್ಕೆ ಪಾತ್ರಗಳು ಮಾತಾಡಲು ಶುರು ಮಾಡುತ್ತವೆ. ಹೆಚ್ಚು ಕಡಿಮೆ ದಿನಾ ಹೀಗೇ. ನಡೆಯುವಾಗ ಹೊಸ ಯೋಚನೆ ಜಾಸ್ತಿ ಬರುತ್ತದೆ ಅಂತ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು 2014ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ಕೂತಿದ್ದಾಗಿನದಕ್ಕಿಂತ ಸರಾಸರಿ 60% ಹೆಚ್ಚು ಅಂತ. ಗೋಡೆ ನೋಡುತ್ತಾ ಟ್ರೆಡ್‌ಮಿಲ್ ಮೇಲೆ ನಡೆದರೂ ಆಗುತ್ತದೆ ಅನ್ನುವುದು ಅದರಲ್ಲಿ ನನಗೆ ಹಿಡಿಸಿದ ಮಾತು. ಅಂದರೆ ಚೆಂದದ ದಾರಿಯೇ ಬೇಕು ಅಂತಿಲ್ಲ. ಮಹಡಿಯ ಮೇಲೆ ಸುತ್ತಿದರೂ ನಡೆಯುತ್ತದೆ.

ಕಲ್ಲುಗಳು ಈಗ ಕೈ ತಾಗಿ ತಾಗಿ ನುಣ್ಣಗಾಗಿವೆ. ಒಂದು ಕಳೆದುಹೋಗಿತ್ತು. ಬೇರೆ ಕಲ್ಲು ಹಾಕಿ ನೋಡಿದೆ, ಒಂದು ವಾರ ಏನೋ ಸರಿ ಇಲ್ಲ ಅನ್ನಿಸಿತು. ಈಗ ಅದೂ ನಮ್ಮದಾಗಿದೆ.

ಹಳೇಪುಟ

ಹಳೆಯ ಪುಸ್ತಕದ ವಾಸನೆ ಅಂತ ಯಾರೂ ಹೇಳಲಿಲ್ಲವಲ್ಲ! ಮರದ ತಿರುಳಿನ ಹಾಳೆಯಲ್ಲಿ ಲಿಗ್ನಿನ್ ಅಂತ ಒಂದು ಅಂಶ ಇರುತ್ತದೆ. ವರ್ಷಗಳು ಕಳೆದ ಹಾಗೆ ಅದು ಒಡೆದು ವೆನಿಲ್ಲಾದ ಪರಿಮಳ ಕೊಡುವ ವಸ್ತು ಹುಟ್ಟುತ್ತದೆ. ಹಾಳೆ ಹಳದಿ ಆಗುವುದೂ ಅದರಿಂದಲೇ. ಹಾಳಾಗುತ್ತಾ ಹಾಳಾಗುತ್ತಾ ಪರಿಮಳ ಬೀರುತ್ತದೆ.

ಅದಕ್ಕಿಂತ ಇಷ್ಟ, ಬೇರೆಯವರು ಓದಿದ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ ಗುರುತು ಕಾಣುವುದು. ನನಗೆ ಸಿಕ್ಕ ಒಂದು ಪುಸ್ತಕದ 83ನೆಯ ಪುಟದಲ್ಲಿ "ಹೌದು" ಅಂತ ಒಂದೇ ಪದ ಬರೆದಿತ್ತು. ಪುಸ್ತಕದಲ್ಲಿ ಬೇರೆಲ್ಲೂ ಏನೂ ಇರಲಿಲ್ಲ. ಆ ಸಾಲು ಓದಿದಾಗ ನನಗೂ ಹೌದು ಅನ್ನಿಸಿತು. ಅದರ ಕೆಳಗೆ ನಾನೂ ಬರೆದಿಟ್ಟೆ.

ಬೆರಳಕಣ್ಣು

ಎಲ್ಲರ ಮಾತನ್ನೂ ಕೇಳಿಸಿಕೊಂಡೆ. ಹೌದು, ಕೇಳಿಸಿಕೊಂಡೆ. ನನಗೆ ಆರು ವರ್ಷಗಳಿಂದ ಕಣ್ಣು ಮಬ್ಬಾಗುತ್ತಾ ಬಂದು ಈಗ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಫೋನು ಓದಿ ಹೇಳುತ್ತದೆ.

ನನಗೂ ಮೊದಲು ಇಂಕ್ ಪೆನ್ನು, ಗೆರೆ ಇಲ್ಲದ ಹಾಳೆ, ಎಡಗಡೆ ಇಟ್ಟ ದೀಪ, ಎಲ್ಲ ಇಷ್ಟ ಇದ್ದವು. ಕಣ್ಣು ಹೋಗುವಾಗ ಅವೂ ಒಂದೊಂದೇ ಹೋದವು. ಓದು ಹೋಗುತ್ತದೆ ಅಂತ ಡಾಕ್ಟರು ಹೇಳಿದ್ದರು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಈ ಪುಟ್ಟ ಇಷ್ಟಗಳು ಹೋಗುತ್ತವೆ ಅಂತ ಯಾರೂ ಹೇಳಿರಲಿಲ್ಲ. ಅವು ಹೋದಾಗಲೇ ಜಾಸ್ತಿ ಅತ್ತದ್ದು.

ಆಮೇಲೆ ಬೇರೆ ಇಷ್ಟಗಳು ಬಂದವು. ಒಂದು, ನಾನು ಬರೆದದ್ದನ್ನು ಫೋನಿನ ಬಾಯಲ್ಲಿ ಕೇಳುವುದು. ಆ ದನಿಗೆ ಭಾವ ಇಲ್ಲ. ನನ್ನ ಸಾಲನ್ನು ಚೆನ್ನಾಗಿ ತೋರಿಸಬೇಕು ಅಂತ ಅದಕ್ಕೆ ಆಸೆ ಇಲ್ಲ. ಅದಕ್ಕೇ ತಪ್ಪೆಲ್ಲ ಬಯಲಾಗುತ್ತದೆ. ಒಂದೇ ಪ್ಯಾರಾದಲ್ಲಿ ಐದು ಸಲ "ಆದರೆ" ಅಂದದ್ದು ಕಣ್ಣಿಗೆ ಯಾವತ್ತೂ ಬಿದ್ದಿರಲಿಲ್ಲ, ಕಿವಿಗೆ ಬಿತ್ತು. ಆ ದನಿಯಲ್ಲೂ ಚೆಂದ ಕೇಳುವ ಸಾಲು ಯಾವಾಗಲೋ ಒಮ್ಮೆ ಬರುತ್ತದೆ. ಅವತ್ತು ನನಗೆ ಬೇರೇನೂ ಬೇಡ.

ಎರಡನೆಯದು ಬ್ರೈಲ್, ಬೆರಳಿನಿಂದ ಮುಟ್ಟಿ ಓದುವ ಲಿಪಿ. ಕಲಿಯಲು ಒಂದೂವರೆ ವರ್ಷ ಹಿಡಿಯಿತು, ದೊಡ್ಡವರ ಬೆರಳು ನಿಧಾನ. ಆರು ಚುಕ್ಕಿ, ಎರಡು ಸಾಲು, ಅಷ್ಟರಲ್ಲೇ 63 ಆಕಾರ. ಲೂಯಿ ಬ್ರೈಲ್ ಇದನ್ನು ರೂಪಿಸಿದ್ದು 1824ರಲ್ಲಿ, ಆಗ ಆತನಿಗೆ ಹದಿನೈದು ವರ್ಷ. ಕಿಂಡಿಗಳಿರುವ ಪಟ್ಟಿಯ ಕೆಳಗೆ ದಪ್ಪ ಹಾಳೆ ಸಿಕ್ಕಿಸಿ ಮೊಳೆಯಂಥ ಕಡ್ಡಿಯಿಂದ ಚುಚ್ಚಿ ಬರೆಯುತ್ತೇವೆ. ಹಾಗೆ ಬರೆಯುವಾಗ ಬಲದಿಂದ ಎಡಕ್ಕೆ ಹೋಗಬೇಕು. ಯಾಕೆಂದರೆ ಚುಕ್ಕಿ ಏಳುವುದು ಹಾಳೆಯ ಆ ಕಡೆ. ತಿರುಗಿಸಿದಾಗ ಅದು ಎಡದಿಂದ ಬಲಕ್ಕೆ ಓದುವಂತಾಗುತ್ತದೆ.

ಚುಚ್ಚುವಾಗ ಟಕ್ ಟಕ್ ಅಂತ ಸದ್ದು. ಮಗ್ಗುಲು ತುಂಬಿದ ಮೇಲೆ ಹಾಳೆ ತೆಗೆದು, ತಿರುಗಿಸಿ, ಮೊದಲ ಸಾಲಿನ ಮೇಲೆ ಬೆರಳಿಡುವ ಒಂದು ಗಳಿಗೆ ಇದೆ. ನಾನು ಬರೆದದ್ದು ಉಬ್ಬಿ ನಿಂತಿರುತ್ತದೆ. ನನ್ನ ಪದಕ್ಕೆ ಮೈ ಬಂದಿದೆ ಅನ್ನಿಸುತ್ತದೆ. ಕಣ್ಣಿದ್ದಾಗ ಎಷ್ಟು ಪುಟ ಬರೆದಿದ್ದೆನೋ, ಈ ಸುಖ ಗೊತ್ತೇ ಇರಲಿಲ್ಲ.

ನೇರಮಾತು ಅವರೇ, ನಿಮ್ಮ ಸಾಲನ್ನು ಒಮ್ಮೆ ಫೋನಿನಿಂದ ಓದಿಸಿ ಕೇಳಿ. ನೀವು ಅಳಿಸುವುದರಲ್ಲಿ ಖುಷಿ ಕಾಣುವವರು, ನಿಮಗೆ ಬಹಳ ಉಪಯೋಗ ಆದೀತು.

ಎಡಗೈ

ಬೆರಳಕಣ್ಣು ಅವರೇ, ಬಲದಿಂದ ಎಡಕ್ಕೆ ಬರೆಯುವ ವಿಷಯ ಓದಿ ಕಣ್ಣು ಒದ್ದೆಯಾಯಿತು. ನನ್ನ ಕೈ ಚಿಕ್ಕಂದಿನಿಂದ ಆ ಕಡೆಗೇ ಹೋಗಬೇಕು ಅನ್ನುತ್ತಿತ್ತು.

ನೀಲಿಮಸಿ

ಎಡಗೈ ಅವರಿಗೆ ಒಂದು ಮಾತು. ಬೇಗ ಒಣಗುವ ಮಸಿ, ಸಣ್ಣ ನಿಬ್ಬು, ಸ್ವಲ್ಪ ಹೀರುವ ಗುಣದ ಹಾಳೆ, ಈ ಮೂರೂ ಕೂಡಿದರೆ ಎಡಚರಿಗೂ ಇಂಕ್ ಪೆನ್ನು ಒಗ್ಗುತ್ತದೆ. ಮಣಿಕಟ್ಟನ್ನು ಸಾಲಿಗಿಂತ ಕೆಳಗೆ ಇಟ್ಟು, ಹಾಳೆಯನ್ನು ಬಲಕ್ಕೆ ಓರೆ ಮಾಡಿ. ಅಂಗೈ ಸಾಲಿನ ಮೇಲೆ ಬರುವುದಿಲ್ಲ. ಕೈಯ ಕೆಳಗೆ ಮಸಿ ಹೀರುವ ಒಂದು ಕಾಗದ (ಬ್ಲಾಟಿಂಗ್ ಪೇಪರ್) ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಒಮ್ಮೆ ಪ್ರಯತ್ನ ಮಾಡಿ ನೋಡಿ, ದಯವಿಟ್ಟು. ಆ ನೀಲಿ ಮೋಡಕ್ಕಾಗಿ ನಿಮ್ಮನ್ನು ಬೈದದ್ದು ನನಗೆ ಸಮಾಧಾನವೇ ಆಗುತ್ತಿಲ್ಲ.

ಪದಜೋಳಿಗೆ

ನನಗೆ ಪದಗಳೇ ಇಷ್ಟದ ವಸ್ತು. ಬೇರೆಯವರು ಕಪ್ಪೆಚಿಪ್ಪು ಕೂಡಿಡುವ ಹಾಗೆ ನಾನು ಪದ ಕೂಡಿಡುತ್ತೇನೆ.

"ಎಳೆಬಿಸಿಲು" ನೋಡಿ. ಬಿಸಿಲಿಗೂ ವಯಸ್ಸಿದೆ ಅಂತ ಯಾರಿಗೆ ಮೊದಲು ಹೊಳೆಯಿತೋ. "ಮುಸ್ಸಂಜೆ" ಅಂದಾಗ ತುಟಿ ಹತ್ತಿರ ಬಂದು ನಿಧಾನಕ್ಕೆ ಬೆಳಕು ಕಡಿಮೆಯಾದ ಹಾಗಾಗುತ್ತದೆ. "ಮುಗುಳ್ನಗೆ"ಯಲ್ಲಿ ಮೊಗ್ಗು ಇದೆ. "ಗುನುಗು" ಅನ್ನುವುದನ್ನು ಗುನುಗದೆ ಹೇಳಲು ಆಗುವುದೇ ಇಲ್ಲ. "ಸುಮ್ಮನೆ" ಅಂತೂ ನನಗೆ ಎಲ್ಲಕ್ಕಿಂತ ಪ್ರೀತಿ. ಸುಮ್ಮನೆ ಬಂದೆ, ಸುಮ್ಮನೆ ಕೂತೆ, ಸುಮ್ಮನೆ ಕೊಟ್ಟೆ, ಸುಮ್ಮನಿರು. ಕಾರಣ ಇಲ್ಲ, ಮಾತಿಲ್ಲ, ಬೆಲೆ ಇಲ್ಲ, ಇಷ್ಟೆಲ್ಲ ಒಂದೇ ಪದದೊಳಗೆ. ಈ ಚರ್ಚೆಯಲ್ಲೇ ಎಷ್ಟು ಜನ ಸುಮ್ಮನೆ ಅಂದಿದ್ದೀರಿ ನೋಡಿ. ಸೀಸದಕಡ್ಡಿ ಅವರು ಪೆನ್ಸಿಲ್ ಹೆರೆದದ್ದೂ ಸುಮ್ಮನೆಯೇ ಅಲ್ವಾ?

ನಿಘಂಟಿನಲ್ಲಿ ಒಂದು ಪದ ಹುಡುಕಲು ಹೋಗಿ ಪಕ್ಕದ ಪದಕ್ಕೆ ಜಾರುವುದು ಇನ್ನೊಂದು ಸುಖ. ಫೋನಿನಲ್ಲಿ ಹುಡುಕಿದರೆ ಕೇಳಿದ್ದಷ್ಟೇ ಸಿಗುತ್ತದೆ. ದಪ್ಪ ಪುಸ್ತಕದಲ್ಲಿ ನೆರೆಹೊರೆಯವರೂ ಸಿಗುತ್ತಾರೆ. ಹಾಗೆ ಜಾರಿ ಸಿಕ್ಕ ಪದಕ್ಕೆ ದಿನಾಂಕ ಹಾಕಿ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುತ್ತೇನೆ. ಅವನ್ನು ಕಥೆಯಲ್ಲಿ ತುರುಕುವುದಿಲ್ಲ. ಒಂದು ದಿನ ಜಾಗ ಸಿಕ್ಕಾಗ ತಾವೇ ಬಂದು ಕೂರುತ್ತವೆ. ಒಂದು ಪದ ಒಂಬತ್ತು ವರ್ಷ ಕಾದಿತ್ತು.

ನೇರಮಾತು

ನಾಲ್ಕು ದಿನ ಆದ ಮೇಲೆ ಬರೆಯುತ್ತಿದ್ದೇನೆ.

ಬೆರಳಕಣ್ಣು ಅವರೇ, ನೀವು ಹೇಳಿದ ಹಾಗೆ ಫೋನಿನಿಂದ ಓದಿಸಿ ಕೇಳಿದೆ. ಮೊದಲ ಪುಟದಲ್ಲೇ ಮೂರು ಸಾಲು ತೆಗೆದೆ. ಎರಡನೆಯ ಪುಟದಲ್ಲಿ ಒಂದು ಸಾಲು ಕೇಳಿ ನಿಲ್ಲಿಸಿ, ಮತ್ತೆ ಕೇಳಿದೆ. ಅದು ಚೆನ್ನಾಗಿತ್ತು. ನಾನೇ ಬರೆದದ್ದು, ಆದರೂ ಮೊದಲ ಸಲ ಕೇಳಿದ ಹಾಗಿತ್ತು. ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ.

ಇನ್ನೊಂದು ವಿಷಯ. ನಿನ್ನೆ ಕಪಾಟಿನಿಂದ ಒಂದು ನೋಟ್‌ಬುಕ್ ತೆಗೆದೆ, ಹನ್ನೊಂದರಲ್ಲಿ ಅತಿ ಹಳೆಯದು. ಮೊದಲ ಪುಟ ಕಂಡು ಮತ್ತೆ ಅದೇ ಭಯ. ಪುಸ್ತಕವನ್ನು ತಿರುಗಿಸಿ ಕೊನೆಯ ಪುಟ ತೆರೆದೆ. ಅಲ್ಲಿಂದ ಹಿಂದಕ್ಕೆ ಬರೆಯುತ್ತಿದ್ದೇನೆ. ಆರು ಪುಟ ಆಗಿದೆ. ಅಕ್ಷರ ಕೆಟ್ಟದಾಗಿದೆ, ಒಂದು ಕಡೆ ನೀರು ಚೆಲ್ಲಿದೆ. ಹಾಳೆ ಈಗ ನನ್ನದು ಅನ್ನಿಸುತ್ತಿದೆ.

ಸೀಸದಕಡ್ಡಿ ಅವರೇ, ಬಾಲ್ ಪೆನ್ನು ಹಿಂದಿನ ಪುಟದ ಮೇಲೆ ಒತ್ತು ಬೀಳಿಸುತ್ತಿದೆ. ಪೆನ್ಸಿಲ್ ಹಿಡಿಯೋಣ ಅಂತಿದ್ದೇನೆ. 2ಬಿ ತರಲಾ, 4ಬಿ ತರಲಾ?

ಸೀಸದಕಡ್ಡಿ

2ಬಿ ತನ್ನಿ. 4ಬಿ ಇನ್ನೂ ಮೆತ್ತಗೆ, ಪುಟ ಮುಚ್ಚಿದಾಗ ಎದುರಿನ ಪುಟಕ್ಕೆ ಹತ್ತಿಕೊಳ್ಳುತ್ತದೆ. ನುಣುಪು ಹಾಳೆಯಾದರೆ ಎಚ್‌ಬಿಯೂ ಸಾಕಾದೀತು. ಒಂದು ಚೂರು ಹಾಳೆಯ ಮೇಲೆ ಬರೆದು ಬೆರಳಿನಿಂದ ಉಜ್ಜಿ ನೋಡಿ, ಗೊತ್ತಾಗುತ್ತದೆ.

ಒಂದೇ ಪೆನ್ಸಿಲ್ ತನ್ನಿ.